ಅತಂತ್ರ ವಿಧಾನಸಭೆಯಲ್ಲಿ 113 ಅನ್ನೋ ಸಂಖ್ಯೆ ಎಷ್ಟು ಗಟ್ಟಿ?

ಜಯನಗರ ನಾಲ್ಕನೇ ಬ್ಲಾಕ್ (ಪ್ರಶ್ನೆ)

ಪದವಿ ವಿದ್ಯಾರ್ಥಿಗಳಿಗೆ ಸಮ್ಮಿಶ್ರ ಸರ್ಕಾರದ ಬಗ್ಗೆ ಒಂದು ತರಗತಿ ತೆಗೆದುಕೊಳ್ಳಬೇಕಿದೆ. ಪಠ್ಯದಲ್ಲಿರುವುದು ಒಂದೇ ಸಾಲು: ಯಾರಿಗೂ ಬಹುಮತ ಬಾರದಿದ್ದರೆ ಪಕ್ಷಗಳು ಕೂಡಿ ಸರ್ಕಾರ ಮಾಡುತ್ತವೆ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇಲ್ಲ.

ಒಂದು, ಕರ್ನಾಟಕ ವಿಧಾನಸಭೆಯ 224 ಸ್ಥಾನಕ್ಕೆ 113 ಬೇಕು ಅಂತೀವಿ. ಹಾಗಾದರೆ 2019ರ ಜುಲೈನಲ್ಲಿ 105 ಇದ್ದ ಬಿಜೆಪಿ ಸರ್ಕಾರ ಮಾಡಿದ್ದು ಹೇಗೆ? ಎರಡು, ಅತಿ ದೊಡ್ಡ ಪಕ್ಷವನ್ನೇ ರಾಜ್ಯಪಾಲರು ಮೊದಲು ಕರೆಯಬೇಕು ಅನ್ನುವ ನಿಯಮ ಇದೆಯೇ? ಮೂರು, ಮೈತ್ರಿಕೂಟ ಒಂದು ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಹೊರಡಿಸಿದರೆ ಅದು ಎರಡೂ ಪಕ್ಷದ ಶಾಸಕರನ್ನು ಕಟ್ಟಿಹಾಕುತ್ತದೆಯೇ? ನಾಲ್ಕು, ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಮುಖ್ಯಮಂತ್ರಿ ಸ್ಥಾನ ಹಂಚಿಕೊಳ್ಳುವ 20-20 ಒಪ್ಪಂದ ಮುರಿದಾಗ ಬಿಜೆಪಿ ಕೋರ್ಟಿಗೆ ಯಾಕೆ ಹೋಗಲಿಲ್ಲ?

ಯಾವ ಪಕ್ಷ ಸರಿ, ಯಾವುದು ತಪ್ಪು ಅನ್ನುವ ಚರ್ಚೆ ಬೇಡ. ಒಳಗಿನ ಯಂತ್ರ ಹೇಗೆ ತಿರುಗುತ್ತದೆ ಅಂತ ಮಾತ್ರ ಹೇಳಿ.

ವಿಧಾನವೀಧಿ

ಮೊದಲ ಪ್ರಶ್ನೆಗೆ ಉತ್ತರ: 113 ಅನ್ನುವುದು ಸದನ ಭರ್ತಿ ಇದ್ದಾಗಿನ ಸಂಖ್ಯೆ ಅಷ್ಟೇ. ವಿಶ್ವಾಸಮತ ಗೆಲ್ಲಲು ಬೇಕಾದ್ದು ಆ ದಿನ ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನ ಪಾಲು. ಸಂವಿಧಾನದ 189ನೇ ವಿಧಿ ಹೇಳುವುದೂ ಇದನ್ನೇ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ, ಎರಡೂ ಕಡೆ ಸಮ ಆದರೆ ಮಾತ್ರ ನಿರ್ಣಾಯಕ ಮತ.

2018ರ ಮೇ ತಿಂಗಳ ಲೆಕ್ಕವನ್ನೇ ಕಪ್ಪು ಹಲಗೆ ಮೇಲೆ ಹಾಕಿ ತೋರಿಸಿ, ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಜಯನಗರದಲ್ಲಿ ಅಭ್ಯರ್ಥಿ ನಿಧನ, ರಾಜರಾಜೇಶ್ವರಿ ನಗರದಲ್ಲಿ ಮತದಾರರ ಗುರುತಿನ ಚೀಟಿಗಳ ಗಲಾಟೆ. ಹಾಗಾಗಿ ಎರಡೂ ಕಡೆ ಮತದಾನ ಮುಂದೂಡಿ ಉಳಿದದ್ದು 222. ಬಂದದ್ದು ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಬಿಎಸ್‌ಪಿ 1, ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) 1, ಪಕ್ಷೇತರ 1. ಜೆಡಿಎಸ್‌ನ ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರು. ಸೀಟು ಎರಡಾದರೂ ತಲೆ ಒಂದೇ, ಮತವೂ ಒಂದೇ. ಅಲ್ಲಿಗೆ ಸದನದಲ್ಲಿ 221 ಜನ. ಹಂಗಾಮಿ ಸ್ಪೀಕರ್ ಆಗಿ ಕೂತವರು ಬಿಜೆಪಿಯ ಕೆ.ಜಿ. ಬೋಪಯ್ಯ, ಅವರನ್ನು ಬಿಟ್ಟರೆ 220. ಅಂದರೆ ಆಗಷ್ಟೇ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದ್ದ ಬಿಜೆಪಿಯ ಯಡಿಯೂರಪ್ಪನವರ ಕಡೆ 103, ಎದುರು ಉಳಿದವರೆಲ್ಲ ಸೇರಿ 117.

ಈ 14 ಮತದ ಅಂತರ ಮುಚ್ಚಲು ಎರಡು ದಾರಿ. ಎದುರಿನವರು ಈ ಕಡೆಗೆ ಬಂದು ಮತ ಹಾಕುವುದು ಒಂದು. ಆಗ ಒಬ್ಬ ಬಂದರೆ ಅಲ್ಲಿ ಒಂದು ಕಳೆದು ಇಲ್ಲಿ ಒಂದು ಕೂಡುತ್ತದೆ, ಎಂಟು ಜನ ಸಾಕು. ಏಳೇ ಜನ ಬಂದರೆ 110-110, ಮುಂದಿನದು ಸ್ಪೀಕರ್ ಪೀಠದ ಮತ. ಇನ್ನೊಂದು ದಾರಿ ಎದುರಿನವರು ಸುಮ್ಮನೆ ಗೈರಾಗುವುದು. ಗೈರಾದರೆ ಅಲ್ಲಿ ಕಳೆಯುತ್ತದೆ, ಇಲ್ಲಿ ಕೂಡುವುದಿಲ್ಲ. ಅದಕ್ಕೆ 15 ಜನ ಬೇಕು, 14 ಆದರೆ ಮತ್ತೆ ಸಮ. ಹಂಗಾಮಿ ಸ್ಪೀಕರ್ ಯಾರು ಅನ್ನುವುದಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಜಗಳ ಹೋದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಕೊನೆಗೆ ಮೇ 19ರಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

2019ರಲ್ಲಿ ನಡೆದದ್ದು ಮೂರನೇ ದಾರಿ: ಸದನವನ್ನೇ ಚಿಕ್ಕದು ಮಾಡುವುದು. ಕುಮಾರಸ್ವಾಮಿಯವರ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಜುಲೈ 23ರಂದು ಕೇಳಿದ ವಿಶ್ವಾಸಮತದಲ್ಲಿ ಪರ 99, ವಿರೋಧ 105. ಆಮೇಲೆ ಸ್ಪೀಕರ್ ರಮೇಶ್ ಕುಮಾರ್ ಮೈತ್ರಿಯ ಬಂಡಾಯ ಶಾಸಕರಲ್ಲಿ 25ರಂದು ಮೂವರನ್ನು, 28ರಂದು 14 ಜನರನ್ನು ಅನರ್ಹಗೊಳಿಸಿದರು. ಚುನಾಯಿತರ ಲೆಕ್ಕದಲ್ಲಿ 224ರಿಂದ 17 ಕಳೆದರೆ 207, ಅದರ ಬಹುಮತ 104. ಬಿಜೆಪಿ ಕೈಯಲ್ಲಿ 105 ಇತ್ತು. ಜುಲೈ 29ರಂದು ಯಡಿಯೂರಪ್ಪ ಧ್ವನಿಮತದಲ್ಲೇ ಗೆದ್ದರು. ಆದರೆ ಇದು ಸಾಲದ ಬಹುಮತ. ಉಪಚುನಾವಣೆ ಬಂದ ದಿನ ಸದನ ಮತ್ತೆ ಹಿಗ್ಗುತ್ತದೆ. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಮತದಾನ ಆದಾಗ ಬಿಜೆಪಿಗೆ 12 ಸಿಕ್ಕವು, ಆಮೇಲೆ ಸರ್ಕಾರ ನೆಲೆ ನಿಂತಿತು. ಆರೇಳು ಸೀಟಿಗಿಂತ ಕಡಿಮೆ ಬಂದಿದ್ದರೆ ಲೆಕ್ಕ ಮತ್ತೆ ಹಗ್ಗದ ಮೇಲೆ.

ಬಸವನಗುಡಿ ಬೆಂಚು

ಎರಡನೇ ಪ್ರಶ್ನೆ. ಲಿಖಿತ ನಿಯಮ ಇಲ್ಲ. 164ನೇ ವಿಧಿ ಹೇಳುವುದು ‘ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದು’ ಅಂತ, ಅಷ್ಟೇ. ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಅಂತ ಮುಂದೆ ಬರುತ್ತದೆ. ಉಳಿದದ್ದೆಲ್ಲ ಪದ್ಧತಿ.

ಪದ್ಧತಿಗೆ ಎಲ್ಲರೂ ತೋರಿಸುವ ಪುಟ 1988ರ ಸರ್ಕಾರಿಯಾ ಆಯೋಗದ ವರದಿ. ಗವರ್ನಮೆಂಟ್ ಅನ್ನುವ ಅರ್ಥದ ‘ಸರ್ಕಾರಿ’ ಅಲ್ಲ, ಅದು ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿಗಳ ಹೆಸರು. ವಿದ್ಯಾರ್ಥಿಗಳು ಅಲ್ಲೇ ಎಡವುತ್ತಾರೆ. ಅದರ ಸಾಲು ಹೀಗಿದೆ: ಮೊದಲು ಚುನಾವಣಾ ಪೂರ್ವ ಮೈತ್ರಿಕೂಟ, ಆಮೇಲೆ ಪಕ್ಷೇತರರು ಮುಂತಾದವರ ಬೆಂಬಲ ತೋರಿಸುವ ಅತಿ ದೊಡ್ಡ ಪಕ್ಷ, ಆಮೇಲೆ ಎಲ್ಲ ಪಾಲುದಾರರೂ ಸರ್ಕಾರ ಸೇರುವ ಚುನಾವಣೋತ್ತರ ಮೈತ್ರಿ, ಕೊನೆಗೆ ಕೆಲವರು ಒಳಗೆ, ಕೆಲವರು ಬಾಹ್ಯ ಬೆಂಬಲ ಕೊಡುವ ಮೈತ್ರಿ. ಸಾಲಿನಲ್ಲಿ ಮೈತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಅದನ್ನು ಮತದಾನಕ್ಕೆ ಮೊದಲು ಮಾಡಿಕೊಂಡರೋ ಆಮೇಲೋ ಅನ್ನುವುದರ ಮೇಲೆ ಹೋಗುತ್ತದೆ. 2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಎದುರುಬದುರು ನಿಂತು ಫಲಿತಾಂಶದ ದಿನ ಕೈ ಹಿಡಿದವರು. ಆದ್ದರಿಂದ ಈ ಸಾಲಿನ ಪ್ರಕಾರ ಅತಿ ದೊಡ್ಡ ಪಕ್ಷಕ್ಕೆ ಮೊದಲ ಕರೆ ಹೋದದ್ದು ತಪ್ಪಲ್ಲ.

ವಿಧಾನವೀಧಿ

ಬಸವನಗುಡಿಯವರೇ, ಇಲ್ಲಿ ನನ್ನದೊಂದು ತಕರಾರು. ನೀವೇ ಬರೆದಿರುವ ಹಾಗೆ ಎರಡನೇ ಸ್ಥಾನದಲ್ಲಿರುವುದು ಬರೀ ‘ಅತಿ ದೊಡ್ಡ ಪಕ್ಷ’ ಅಲ್ಲ, ‘ಬೆಂಬಲ ತೋರಿಸುವ’ ಅತಿ ದೊಡ್ಡ ಪಕ್ಷ. 104ರ ಪಕ್ಷ ಬಹುಮತ ತೋರಿಸುವ ಪತ್ರ ಕೊಟ್ಟಿರಲಿಲ್ಲ. ಎದುರಿನವರ ಕೈಯಲ್ಲಿ ಸಂಖ್ಯೆ ಇತ್ತು. ಮೇಲಾಗಿ ಹಿಂದಿನ ವರ್ಷವೇ, 2017ರಲ್ಲಿ, ಗೋವಾದಲ್ಲಿ 40ರಲ್ಲಿ 17 ಗೆದ್ದ ಕಾಂಗ್ರೆಸ್ಸನ್ನು ಬಿಟ್ಟು 13 ಗೆದ್ದ ಬಿಜೆಪಿಯ ಮೈತ್ರಿಯನ್ನು ಕರೆದಿದ್ದರು. ಮಣಿಪುರದಲ್ಲೂ 60ರಲ್ಲಿ 28 ಗೆದ್ದವರನ್ನು ಬಿಟ್ಟು 21 ಗೆದ್ದವರ ಮೈತ್ರಿಗೆ ಕರೆ ಹೋಯಿತು. ಅಲ್ಲಿ ಒಂದು ಅಳತೆಗೋಲು, ಇಲ್ಲಿ ಇನ್ನೊಂದು.

ಬಸವನಗುಡಿ ಬೆಂಚು

ಒಪ್ಪಿದೆ, ‘ಬೆಂಬಲ ತೋರಿಸುವ’ ಅನ್ನುವ ಮಾತನ್ನು ನಾನು ಹಗುರವಾಗಿ ದಾಟಿಸಿಬಿಟ್ಟೆ. ನಮ್ಮಲ್ಲೇ 2004ರಲ್ಲೂ ಉಲ್ಟಾ ಆಗಿದೆ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ದೊಡ್ಡ ಪಕ್ಷ ಹೊರಗೆ, 65 ಮತ್ತು 58 ಕೂಡಿ ಧರಂಸಿಂಗ್ ಮುಖ್ಯಮಂತ್ರಿ, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಒಂದೇ ಊರಿನ ರಾಜಭವನ, ಹದಿನಾಲ್ಕು ವರ್ಷದ ಅಂತರ, ಎರಡು ಬೇರೆ ಉತ್ತರ.

ಅದಕ್ಕೇ ಕರೆ ಯಾರಿಗೆ ಅನ್ನುವುದಕ್ಕಿಂತ ಗಡುವು ಎಷ್ಟು ಅನ್ನುವುದನ್ನು ಪಾಠದಲ್ಲಿ ಮುಂದಿಡಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದಾಗ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡಲಿಲ್ಲ. ಅದೇ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಹೇಳಿತು: ಬಹುಮತ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಿ ಅಲ್ಲ. ಆದರೆ ಎಷ್ಟು ದಿನದೊಳಗೆ? ಸರ್ಕಾರಿಯಾ ವರದಿ 30 ದಿನ ಅನ್ನುತ್ತದೆ. 2018ರಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಕೊಟ್ಟದ್ದು 15 ದಿನ. ಮೇ 16ರ ರಾತ್ರಿಯಿಡೀ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೆದು, ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. 18ರಂದು ಬಂದ ಆದೇಶ ಮಾತ್ರ ಆಟವನ್ನೇ ಬದಲಿಸಿತು: ಮರುದಿನ ಸಂಜೆ 4ಕ್ಕೇ ವಿಶ್ವಾಸಮತ, ಗುಪ್ತ ಮತದಾನ ಇಲ್ಲ, ಅದಕ್ಕೆ ಮೊದಲು ಆಂಗ್ಲೋ ಇಂಡಿಯನ್ ಸದಸ್ಯರ ನಾಮಕರಣ ಇಲ್ಲ. ಆ ನಾಮಕರಣ ಆಗಿದ್ದರೆ ಸರ್ಕಾರದ ಕಡೆಗೆ ಒಂದು ಮತ ಪುಕ್ಕಟೆ. (ಆ ಸ್ಥಾನವೇ 2020ರಿಂದ ಇಲ್ಲ.) ಹದಿನೈದು ದಿನದಲ್ಲಿ ಏಳೆಂಟು ಜನರನ್ನು ಒಲಿಸುವುದು ಬೇರೆ, ಒಂದು ದಿನದಲ್ಲಿ ಒಲಿಸುವುದು ಬೇರೆ.

ಮಾಗಡಿ ರಸ್ತೆ

ರೆಸಾರ್ಟಿನವರಿಗೆ ಮಾತ್ರ ಹದಿನೈದು ದಿನವೇ ಲಾಭ ಇತ್ತು ಬಿಡಿ 😀

ಕಾಗದಪತ್ರ

ವಿಪ್ ಬಗ್ಗೆ ಯಾರೂ ಮುಟ್ಟಿಲ್ಲ, ನಾನು ಬರೆಯುತ್ತೇನೆ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಮೈತ್ರಿಕೂಟಕ್ಕೆ ವಿಪ್ ಅನ್ನುವುದೇ ಇಲ್ಲ. 1985ರಲ್ಲಿ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿ, ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನುವುದು, ಶಾಸಕ ಆಯ್ಕೆಯಾದ ‘ರಾಜಕೀಯ ಪಕ್ಷ’ವನ್ನು ಮಾತ್ರ ಗುರುತಿಸುತ್ತದೆ. ಕಾಂಗ್ರೆಸ್ ತನ್ನವರಿಗೆ, ಜೆಡಿಎಸ್ ತನ್ನವರಿಗೆ ಬೇರೆ ಬೇರೆ ವಿಪ್ ಕೊಡಬೇಕು. ಒಬ್ಬರ ವಿಪ್ ಇನ್ನೊಬ್ಬರಿಗೆ ಬರೀ ಕಾಗದ. ಪಕ್ಷೇತರನಿಗೆ ಯಾವ ವಿಪ್ಪೂ ಇಲ್ಲ. ಅವನು ಇವತ್ತು ಬೆಂಬಲ ಕೊಟ್ಟು ನಾಳೆ ವಾಪಸ್ ಪಡೆದರೆ ಸ್ಥಾನ ಹೋಗುವುದಿಲ್ಲ, ಚುನಾವಣೆಯ ನಂತರ ಒಂದು ಪಕ್ಷಕ್ಕೆ *ಸೇರಿದರೆ* ಮಾತ್ರ ಹೋಗುತ್ತದೆ. ಸಮ್ಮಿಶ್ರ ಸರ್ಕಾರದಲ್ಲಿ ಪಕ್ಷೇತರನಿಗೆ ತೂಕಕ್ಕಿಂತ ಹೆಚ್ಚು ಬೆಲೆ ಬರುವುದು ಇದರಿಂದ.

ಪಕ್ಷದ ಶಾಸಕ ಸ್ಥಾನ ಕಳೆದುಕೊಳ್ಳಲು ಎರಡು ಕಾರಣ. ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಡುವುದು. ಅಥವಾ ಪಕ್ಷದ ನಿರ್ದೇಶನ ಮೀರಿ ಮತ ಹಾಕುವುದು ಇಲ್ಲವೇ ಗೈರಾಗುವುದು. ಎರಡನೆಯದಕ್ಕೆ ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಮುಗಿಯಿತು. ಗಮನಿಸಿ, ವಿಪ್ ಮೀರಿ ಹಾಕಿದ ಮತ ಅಸಿಂಧುವಲ್ಲ. ಮತ ಎಣಿಕೆಗೆ ಬರುತ್ತದೆ, ಸರ್ಕಾರ ಬೀಳುತ್ತದೆ, ಶಾಸಕನ ಸ್ಥಾನದ ಪ್ರಶ್ನೆ ಆಮೇಲೆ. ಕಾಯ್ದೆಯ ದೊಡ್ಡ ತೂತು ಇದು.

‘ಸ್ವಇಚ್ಛೆಯಿಂದ ಬಿಡುವುದು’ ಅಂದರೆ ರಾಜೀನಾಮೆ ಪತ್ರವೇ ಬೇಕಿಲ್ಲ, ನಡವಳಿಕೆಯಿಂದಲೂ ತೀರ್ಮಾನಿಸಬಹುದು ಅಂತ 1994ರ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಹಿಡಿದುಕೊಂಡು ಸ್ಪೀಕರ್ ಏನು ಬೇಕಾದರೂ ಮಾಡಬಹುದೇ? ಇಲ್ಲ. 2010ರ ಅಕ್ಟೋಬರ್‌ನಲ್ಲಿ ಬಿಜೆಪಿಯ 11 ಶಾಸಕರು ಮುಖ್ಯಮಂತ್ರಿಯ ಮೇಲೆ ವಿಶ್ವಾಸ ಇಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. ಸ್ಪೀಕರ್ ಅವರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. ಅದಾದ ಮೇಲೆ ಅಕ್ಟೋಬರ್ 14ರ ಮತದಲ್ಲಿ ಸರ್ಕಾರ 106-100ರಿಂದ ಉಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದು ಮಾಡಿತು: ಮುಖ್ಯಮಂತ್ರಿ ಬೇಡ ಅನ್ನುವುದು ಪಕ್ಷ ಬೇಡ ಅಂದ ಹಾಗಲ್ಲ. ತೀರ್ಪು ಸರಿ, ಆದರೆ ಏಳು ತಿಂಗಳು ತಡ. ಆ 106-100ನ್ನು ಮತ್ತೆ ಎಣಿಸಲು ಬರುವುದಿಲ್ಲವಲ್ಲ.

ಇನ್ನು ವಿಲೀನ. ಮೊದಲು ಮೂರನೇ ಒಂದು ಭಾಗ ಒಡೆದು ಹೋದರೂ ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ವಿಲೀನಕ್ಕೆ ಒಪ್ಪಬೇಕು. 37 ಜನರ ಪಕ್ಷವಾದರೆ 25. ಅಷ್ಟು ಜನರನ್ನು ಒಟ್ಟಿಗೆ ಎಬ್ಬಿಸುವುದು ಕಷ್ಟ, ಅದಕ್ಕೇ ರಾಜೀನಾಮೆ ಕೊಡಿಸಿ ಮತ್ತೆ ಚುನಾವಣೆಗೆ ನಿಲ್ಲಿಸುವ ಉಪಾಯ ಬಂತು. 2008ರಲ್ಲಿ ಬಿಜೆಪಿ 110ಕ್ಕೆ ನಿಂತಾಗ ‘ಆಪರೇಷನ್ ಕಮಲ’ ಅನ್ನುವ ಹೆಸರು ಬಿದ್ದದ್ದು ಇದಕ್ಕೇ. ಒಂದೇ ಶಾಸಕ ಇರುವ ಪಕ್ಷಕ್ಕೆ ವಿಲೀನ ಸುಲಭ ಅನ್ನಿಸಬಹುದು. ಕೆಪಿಜೆಪಿಯ ಏಕೈಕ ಶಾಸಕರು 2019ರಲ್ಲಿ ಕಾಂಗ್ರೆಸ್ ಜೊತೆ ವಿಲೀನ ಅಂತ ಪತ್ರ ಕೊಟ್ಟು, ಮರುತಿಂಗಳೇ ಬೆಂಬಲ ವಾಪಸ್ ಪಡೆದರು. ಸ್ಪೀಕರ್ ಮೊದಲು ಅನರ್ಹಗೊಳಿಸಿದ ಮೂವರಲ್ಲಿ ಅವರೂ ಒಬ್ಬರು. ಬೇಲಿ ಹಾರಲು ಇಟ್ಟ ಏಣಿಯೇ ಕಾಲಿಗೆ ಸಿಕ್ಕಿಕೊಂಡಿತು.

ಜಯನಗರ ನಾಲ್ಕನೇ ಬ್ಲಾಕ್

ಎಲ್ಲರಿಗೂ ಧನ್ಯವಾದ. ಕಾಗದಪತ್ರ ಸರ್, ಒಂದು ಅನುಮಾನ. ರಾಜೀನಾಮೆ ಕೊಟ್ಟವರನ್ನು ಅನರ್ಹಗೊಳಿಸುವುದು ಹೇಗೆ? ಅವರು ಆಗಲೇ ಹೊರಗೆ ಹೋಗಿದ್ದಾರಲ್ಲ?

ಕಾಗದಪತ್ರ

ಹೋಗಿರುವುದಿಲ್ಲ. ಪತ್ರ ಕೊಟ್ಟ ಕ್ಷಣ ಸ್ಥಾನ ಖಾಲಿಯಾಗುವುದಿಲ್ಲ, ಸ್ಪೀಕರ್ ಅಂಗೀಕರಿಸಬೇಕು. 190ನೇ ವಿಧಿಯ ಪ್ರಕಾರ ಅದು ಸ್ವಇಚ್ಛೆಯದ್ದೇ, ನಿಜವಾದದ್ದೇ ಅಂತ ಅವರಿಗೆ ಮನವರಿಕೆ ಆಗಬೇಕು. ಆ ನಡುವೆ ಶಾಸಕ ಶಾಸಕನೇ, ಅನರ್ಹತೆ ಅರ್ಜಿಯೂ ನಡೆಯುತ್ತದೆ. 2019ರಲ್ಲಿ ಈ ಎರಡರ ಓಟ ನಡೆಯಿತು. ಜುಲೈ 17ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಸ್ಪೀಕರ್‌ಗೆ ಗಡುವು ಹಾಕಲಿಲ್ಲ, ಆದರೆ 15 ಶಾಸಕರನ್ನು ಸದನಕ್ಕೆ ಬರಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂದಿತು. ವಿಪ್‌ಗೆ ಹಲ್ಲಿಲ್ಲ ಅಂತ ಮೈತ್ರಿ ಗೊಣಗಿದ್ದು ಆಗ. ನವೆಂಬರ್ 13ರ ಅಂತಿಮ ತೀರ್ಪು ಎರಡೂ ಕಡೆಗೆ ಅರ್ಧರ್ಧ ಕೊಟ್ಟಿತು: ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ತಪ್ಪುವುದಿಲ್ಲ, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ನಿಲ್ಲುವಂತಿಲ್ಲ ಅಂತ ಹೇಳುವ ಅಧಿಕಾರ ಸ್ಪೀಕರ್‌ಗೆ ಇಲ್ಲ.

ರಾಜೀನಾಮೆಗೂ ಅನರ್ಹತೆಗೂ ವ್ಯತ್ಯಾಸ ಕಾಣುವುದು ಮಂತ್ರಿಗಿರಿಯಲ್ಲಿ. ಅನರ್ಹನಾದವನು ಮತ್ತೆ *ಚುನಾಯಿತ*ನಾಗುವವರೆಗೆ ಮಂತ್ರಿಯಾಗುವಂತಿಲ್ಲ, 164ನೇ ವಿಧಿಯ 1ಬಿ. ಗೆದ್ದುಬಂದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಉಪಚುನಾವಣೆಯಲ್ಲಿ ಸೋತ ಎಚ್. ವಿಶ್ವನಾಥ್ ವಿಧಾನ ಪರಿಷತ್ತಿಗೆ ನಾಮಕರಣಗೊಂಡರೂ ನಾಮಕರಣ ಅಂದರೆ ಚುನಾವಣೆ ಅಲ್ಲ ಅಂತ ಹೈಕೋರ್ಟ್ ತಡೆಯಿತು.

ಸಮನ್ವಯ ಸಮಿತಿ

ನಾಲ್ಕನೇ ಪ್ರಶ್ನೆ ನನಗಿರಲಿ. ಪಕ್ಷಗಳ ನಡುವಿನ ಒಪ್ಪಂದ ಕರಾರು ಅಲ್ಲ. ‘ಇಷ್ಟು ತಿಂಗಳ ನಂತರ ಕುರ್ಚಿ ಬಿಡುತ್ತೇನೆ’ ಅನ್ನುವ ಮಾತನ್ನು ಯಾವ ಕೋರ್ಟೂ ಜಾರಿ ಮಾಡಿಸುವುದಿಲ್ಲ. ಅದಕ್ಕಿರುವ ಏಕೈಕ ದಂಡ ಬೆಂಬಲ ವಾಪಸ್. 2006ರ ಫೆಬ್ರವರಿ 3ರಂದು ಕುಮಾರಸ್ವಾಮಿ ಕುರ್ಚಿ ಏರಿದರು, 20 ತಿಂಗಳಿಗೆ 2007ರ ಅಕ್ಟೋಬರ್ ಬಂತು, ಹಸ್ತಾಂತರ ಆಗಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣ ಸ್ವೀಕರಿಸಿದರೂ ಜೆಡಿಎಸ್ ಮತ ಕೊಡಲಿಲ್ಲ, 19ಕ್ಕೆ ರಾಜೀನಾಮೆ. ಸರದಿ ಒಪ್ಪಂದದ ಹುಟ್ಟುದೋಷವೇ ಇದು: ಮೊದಲ ಪಾಲು ಉಂಡವನಿಗೆ ಎರಡನೇ ಪಾಲು ಬಡಿಸುವ ಗರಜು ಇರುವುದಿಲ್ಲ.

2018ರವರು ಇದನ್ನು ನೋಡಿಯೇ ಸರದಿ ಇಡಲಿಲ್ಲ, ಐದೂ ವರ್ಷ ಒಬ್ಬರೇ ಮುಖ್ಯಮಂತ್ರಿ ಅಂತ ಬರೆದುಕೊಂಡರು. ಖಾತೆ ಹಂಚಿಕೆಗೆ ಬೇರೆ ಮಿತಿ ಇದೆ. 91ನೇ ತಿದ್ದುಪಡಿಯಿಂದ ಮಂತ್ರಿಗಳ ಸಂಖ್ಯೆ ಸದನದ ಶೇ. 15 ಮೀರುವಂತಿಲ್ಲ, ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. ಅದನ್ನು ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಅಂತ ಒಡೆದರು. ಹಣಕಾಸು ಜೆಡಿಎಸ್ ಕಡೆ, ಗೃಹ ಕಾಂಗ್ರೆಸ್ ಕಡೆ. ಆದರೆ ಎರಡೂ ಪಕ್ಷದ 114 ಶಾಸಕರಿಗೆ 34 ಕುರ್ಚಿ ಅಂದರೆ ಸುಮಾರು 80 ಜನ ಹೊರಗೆ. ಒಂದೇ ಪಕ್ಷದ ಸರ್ಕಾರದಲ್ಲೂ ಅತೃಪ್ತರು ಇರುತ್ತಾರೆ, ಆದರೆ ಅಲ್ಲಿ 78 ಶಾಸಕರ ಪಕ್ಷಕ್ಕೆ 37ರ ಪಕ್ಷದ ಮುಖ್ಯಮಂತ್ರಿ ಅನ್ನುವ ಉರಿ ಇರುವುದಿಲ್ಲ. ನಿಗಮ ಮಂಡಳಿ ಕೊಟ್ಟು ಎಷ್ಟು ಜನರನ್ನು ಸಮಾಧಾನ ಮಾಡುತ್ತೀರಿ?

ತರಗತಿಯಲ್ಲಿ ಹೇಳಲೇಬೇಕಾದ ಇನ್ನೊಂದು ವಿಷಯ: ನಾಯಕರು ಕೂಡಿದರೆ ಮತ ಕೂಡುವುದಿಲ್ಲ. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38, ಬಿಜೆಪಿಗೆ ಶೇ. 36, ಜೆಡಿಎಸ್‌ಗೆ ಶೇ. 18. ಕಾಗದದ ಮೇಲೆ 38 ಮತ್ತು 18 ಅಂದರೆ 56, ಯಾರೂ ಅಲ್ಲಾಡಿಸುವಂತಿಲ್ಲ. 2019ರ ಲೋಕಸಭೆಗೆ ಇಬ್ಬರೂ ಸೀಟು ಹಂಚಿಕೊಂಡರು. ಬೆಂಗಳೂರು ಉತ್ತರವನ್ನು ಜೆಡಿಎಸ್ ಕಾಂಗ್ರೆಸ್‌ಗೆ ವಾಪಸ್ ಕೊಟ್ಟ ಮೇಲೆ ಲೆಕ್ಕ 21 ಮತ್ತು 7. ಬಂದದ್ದು? ತಲಾ ಒಂದು. ಬಿಜೆಪಿ 25, ಮಂಡ್ಯ ಪಕ್ಷೇತರರಿಗೆ. ಹಳೇ ಮೈಸೂರು ಭಾಗದ ಹಳ್ಳಿಗಳಲ್ಲಿ ಈ ಎರಡು ಪಕ್ಷಗಳೇ ದಶಕಗಳಿಂದ ಎದುರಾಳಿಗಳು. ಮೇಲಿನವರು ಹಾರ ಬದಲಿಸಿಕೊಂಡರೆ ಕೆಳಗೆ ಎತ್ತು ಏರಿಗೆ, ಕೋಣ ನೀರಿಗೆ.

ಮಾಗಡಿ ರಸ್ತೆ

ಬೆಂಗಳೂರಿನ ಮಕ್ಕಳಿಗೆ ಪಾಠ ಅಂದಮೇಲೆ 2015ರ ಬಿಬಿಎಂಪಿಯನ್ನು (ಆಗಿನ ಬೆಂಗಳೂರು ಮಹಾನಗರ ಪಾಲಿಕೆ) ಬಿಡಬೇಡಿ. 198 ವಾರ್ಡ್‌ಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರು ಮತ್ತು ಇತರರು 8. ಬಿಜೆಪಿಗೆ ಸ್ಪಷ್ಟ ಬಹುಮತ, ಆದರೂ ಮೇಯರ್ ಕಾಂಗ್ರೆಸ್, ಉಪಮೇಯರ್ ಜೆಡಿಎಸ್. ಯಾಕೆಂದರೆ ಮೇಯರ್ ಆಯ್ಕೆಯಲ್ಲಿ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತ ಇತ್ತು, ಒಟ್ಟು 260. ಬೇಕಾದದ್ದು 100 ಅಲ್ಲ, 131. ಪರಿಷತ್ ಸದಸ್ಯರು ಯಾವ ಊರಿನ ಮತದಾರರ ಪಟ್ಟಿಯಲ್ಲಿದ್ದಾರೆ ಅನ್ನುವುದು ಕೂಡ ಆಗ ದೊಡ್ಡ ವಿಷಯ. ಆಗ ಮೇಯರ್ ಅವಧಿ ಒಂದೇ ವರ್ಷ ಇತ್ತು, ಹಾಗಾಗಿ ಪ್ರತಿ ವರ್ಷ ಹೊಸದಾಗಿ ಚೌಕಾಸಿ ನಡೆಯುತ್ತಿತ್ತು. ಅಲ್ಲಿಗೆ ಹತ್ತನೇ ಅನುಸೂಚಿ ಅನ್ವಯಿಸುವುದಿಲ್ಲ, ಸ್ಥಳೀಯ ಸಂಸ್ಥೆಗಳಿಗೆ ರಾಜ್ಯದ್ದೇ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ.

ಮಕ್ಕಳಿಗೆ ಪ್ರಶ್ನೆ ಕೊಡುವುದಾದರೆ ಇದನ್ನು ಕೊಡಿ: 100 ಇದ್ದ ಪಕ್ಷಕ್ಕೆ ಕಡಿಮೆ ಬಿದ್ದದ್ದು ಎಷ್ಟು? ಉತ್ತರ 31 ಅಂತ ಬರೆದವರಿಗೆ ಅಂಕ ಕೊಡಬೇಡಿ. ಆ 62 ಜನ ಶಾಸಕ-ಸಂಸದರಲ್ಲಿ ಬಿಜೆಪಿಯವರೂ ಇದ್ದರು.